ಹಿತ್ತಲ ಮಣ್ಣಿಗೆ ಯಾವುದು: ದರಗೋ, ಎರೆಗೊಬ್ಬರವೋ, ಜೀವಾಮೃತವೋ?

ಹಿತ್ತಲಲ್ಲಿ ನಾಲ್ಕು ತರಕಾರಿ ಬೆಳೆಯೋಣ ಅಂತ ಹೊರಟವರು ಮೊದಲು ಕೇಳುವುದು, ಯಾವ ಗೊಬ್ಬರ ಒಳ್ಳೆಯದು ಅಂತ. ಮಲೆನಾಡಿನ ಮಟ್ಟಿಗೆ ಇದು ಎರಡನೇ ಪ್ರಶ್ನೆ. ಜೂನ್‌ನಲ್ಲಿ ಹಾಕಿದ ಗೊಬ್ಬರ ಆಗಸ್ಟ್‌ಗೆ ಅಲ್ಲೇ ಇರುತ್ತದಾ ಅಥವಾ ಹಳ್ಳ ಸೇರಿರುತ್ತದಾ ಅನ್ನುವುದು ಮೊದಲನೆಯದು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ನೂರು ಕಿ.ಮೀ. ಒಳಗೇ ಇರುವ ಶಿವಮೊಗ್ಗ ಪೇಟೆಯಲ್ಲಿ 1,000 ಮಿ.ಮೀ. ಆಸುಪಾಸು. ಜಿಲ್ಲೆ ಒಂದೇ, ಮಳೆ ಏಳು ಪಟ್ಟು ವ್ಯತ್ಯಾಸ. ಆದ್ದರಿಂದ ಬಯಲುಸೀಮೆಯವರ ವಿಡಿಯೋ ನೋಡಿ ಹೊಸನಗರದಲ್ಲಿ ತರಕಾರಿ ಮಡಿ ಮಾಡಿದರೆ ಆಗುವುದಿಲ್ಲ. ತೀರ್ಥಹಳ್ಳಿಯ ಅಜ್ಜಿಯ ಪದ್ಧತಿಯನ್ನು ಪೇಟೆಯ ಮೂವತ್ತು-ನಲವತ್ತು ಸೈಟಿಗೆ ತಂದರೂ ಅಷ್ಟೇ.

ಬರಿ ಮಣ್ಣಿನ ಮೇಲೆ ಜೋರು ಮಳೆ ಬಿದ್ದಾಗ ಚರಂಡಿಯಲ್ಲಿ ಹರಿಯುವ ಕೆಂಪು ನೀರು ನೋಡಿದ್ದೀರಲ್ವಾ? ಆ ಬಣ್ಣವೇ ನಿಮ್ಮ ಮೇಲ್ಮಣ್ಣು. ಅದರ ಜೊತೆ ಕಣ್ಣಿಗೆ ಕಾಣದೆ ಸುಣ್ಣದ ಅಂಶ, ಮೆಗ್ನೀಷಿಯಂ, ಪೊಟ್ಯಾಷ್ ಕೂಡ ತೊಳೆದು ಹೋಗುತ್ತವೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಸಾವಿರಾರು ವರ್ಷ ಹೀಗೇ ತೊಳೆದು ತೊಳೆದು ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಯಾಗಿದೆ. ಹುಳಿ ಮಣ್ಣಿನಲ್ಲಿ ರಂಜಕ ಈ ಕಬ್ಬಿಣ, ಅಲ್ಯೂಮಿನಿಯಂಗೆ ಕಚ್ಚಿಕೊಂಡು ಕೂರುತ್ತದೆ. ನೀವು ಎಷ್ಟು ಹಾಕಿದರೂ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ.

ರೀಜನರೇಟಿವ್ ಗಾರ್ಡನಿಂಗ್ ಅಂತ ಈಗ ಎಲ್ಲ ಕಡೆ ಕೇಳಿಬರುವ ಪದ್ಧತಿಯ ತಿರುಳು ನಾಲ್ಕೇ ಮಾತು. ಮಣ್ಣನ್ನು ಬರಿದಾಗಿ ಬಿಡಬೇಡಿ. ಸುಮ್ನೆ ಅಗೆಯಬೇಡಿ. ಒಂದೇ ಬೆಳೆ ತುಂಬಬೇಡಿ. ಮಡಿಯಲ್ಲಿ ವರ್ಷವಿಡೀ ಯಾವುದಾದರೂ ಒಂದು ಗಿಡದ ಬೇರು ಜೀವಂತ ಇರಲಿ. ಈ ನಾಲ್ಕರಲ್ಲಿ ಮಲೆನಾಡಿಗೆ ಮೊದಲನೆಯದೇ ದೊಡ್ಡದು. ಅದಕ್ಕೇ ಹೊದಿಕೆಯಿಂದ ಶುರು ಮಾಡುತ್ತೇನೆ, ಗೊಬ್ಬರ ಆಮೇಲೆ.

ಹೊದಿಕೆ: ದರಗು, ಅಡಿಕೆ ಸಿಪ್ಪೆ, ಹಸಿ ಸೊಪ್ಪು

ದರಗು ಎಲ್ಲರಿಗೂ ಗೊತ್ತಿರುವುದೇ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ಒಟ್ಟು ಮಾಡಿ ಕೊಟ್ಟಿಗೆಗೆ ಹಾಸುವ ಒಣ ಎಲೆ. ತರಕಾರಿ ಮಡಿಗೂ ಇದು ಒಳ್ಳೆಯದು. ಹಗುರ, ಬೇಗ ಕರಗುತ್ತದೆ, ಕಳೆ ಬೀಜ ಕಡಿಮೆ. ಒಂದು ತೊಂದರೆ ಎಂದರೆ ಜೋರು ಮಳೆಗೆ ಇಳಿಜಾರಲ್ಲಿ ಕೊಚ್ಚಿ ಹೋಗುತ್ತದೆ. ಮೇಲೆ ನಾಲ್ಕು ಸೋಗೆ ಅಡ್ಡ ಹಾಕಿದರೆ ನಿಲ್ಲುತ್ತದೆ.

ಕಾಡಿನಿಂದ ದರಗು ತರುವವರು ಮಾತ್ರ ಮಂಗನ ಕಾಯಿಲೆಯನ್ನು ಮರೆಯಬಾರದು. ಈ ಕಾಯಿಲೆ ಮೊದಲು ಗುರುತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ಅಂದರೆ ಉಣ್ಣಿ, ಕಚ್ಚಿ. ಮರಿ ಉಣುಗುಗಳು ಜಾಸ್ತಿ ಇರುವ ಕಾಲ ಡಿಸೆಂಬರ್‌ನಿಂದ ಮೇ. ನಾವು ದರಗು ಗುಡಿಸುವ ಕಾಲವೂ ಅದೇ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆಯ ದರಗು ಬೇಡವೇ ಬೇಡ. ಬೇರೆ ಕಡೆಯಿಂದ ತಂದರೂ ಮೈ ತುಂಬ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ತಂದ ರಾಶಿಯನ್ನು ಮನೆ ಗೋಡೆಗೆ ಒತ್ತಿ ಇಡಬೇಡಿ. ಮನೆಯಂಗಳದ ಹಲಸು, ಮಾವು, ಗೇರು ಮರದ ಎಲೆ ಇದ್ದರೆ ಕಾಡಿಗೆ ಹೋಗುವ ಕೆಲಸವೇ ಇಲ್ಲ. ಎರಡರಲ್ಲಿ ಒಂದು ಅಂತಾದರೆ ನಾನು ಯಾವಾಗಲೂ ಅಂಗಳದ ಎಲೆಯನ್ನೇ ಆರಿಸುತ್ತೇನೆ.

ಅಡಿಕೆ ಸಿಪ್ಪೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಸುಗ್ಗಿ ಮುಗಿದ ಮೇಲೆ ರಸ್ತೆ ಪಕ್ಕ ರಾಶಿ ಸುರಿದು ಬೆಂಕಿ ಇಡುತ್ತಾರೆ. ವಾರಗಟ್ಟಲೆ ಹೊಗೆ. ಸುಟ್ಟು ಹೋಗುವುದು ಏನು ಅಂದರೆ, ಪೊಟ್ಯಾಷ್ ಚೆನ್ನಾಗಿರುವ, ಬೇಗ ಕರಗದ, ಮಳೆಗೆ ಕದಲದ ಹೊದಿಕೆ. ಈ ನಿಧಾನವೇ ಇದರ ಗುಣ. ದರಗು ಒಂದು ಮಳೆಗಾಲದಲ್ಲಿ ಕರಗಿದರೆ ಸಿಪ್ಪೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ನಿಲ್ಲುತ್ತದೆ.

ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ಕೆಸುವಿನ ಮಡಿಗೆ ಹಾಕಿದ್ದ ಸಿಪ್ಪೆಯನ್ನು ಕೈಯಿಂದ ಎತ್ತಿ ನೋಡಿ. ಮೇಲಿನ ಪದರ ಒಣಗಿ ಬಿಳಿಚಿಕೊಂಡಿರುತ್ತದೆ. ಅದರ ಕೆಳಗಿನದು ಕಂದು, ಹಿಂಡಿದರೆ ನೀರು ಬರುತ್ತದೆ. ಇನ್ನೂ ಕೆಳಗೆ ಬಿಳಿ ನೂಲಿನಂಥ ಶಿಲೀಂಧ್ರ ಒಂದು ಸಿಪ್ಪೆಯನ್ನು ಇನ್ನೊಂದಕ್ಕೆ ಹೊಲಿದಿರುತ್ತದೆ. ಮಣ್ಣು ತಾಗುವ ಜಾಗದಲ್ಲಿ ಕೆಂಪು ಬಣ್ಣ ಹೋಗಿ ಕಪ್ಪು ತಿರುಗಿರುತ್ತದೆ, ಎರೆಹುಳ ಹಾಕಿದ ಸಣ್ಣ ಸಣ್ಣ ಉಂಡೆ ಬೆರಳಿಗೆ ಸಿಗುತ್ತದೆ. ಯಾರೂ ಅಗೆದಿಲ್ಲ, ಯಾರೂ ಬೆರೆಸಿಲ್ಲ.

ಆದರೆ ಸಿಪ್ಪೆಯನ್ನು ಮೇಲೆ ಹಾಸಬೇಕು, ಮಣ್ಣಿಗೆ ಸೇರಿಸಿ ಅಗೆಯಬಾರದು. ಹಸಿ ಸಿಪ್ಪೆ ಮಣ್ಣೊಳಗೆ ಹೋದರೆ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನೆಲ್ಲ ತಾವೇ ಬಳಸುತ್ತವೆ. ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಈ ತೊಂದರೆ ಮೇಲ್ಪದರಕ್ಕೆ ಮಾತ್ರ, ಬೇರಿಗೆ ತಟ್ಟುವುದಿಲ್ಲ. ಸಗಣಿ ನೀರು ಅಥವಾ ಗೋಬರ್ ಗ್ಯಾಸ್ ಬಗ್ಗಡ ಚಿಮುಕಿಸಿದರೆ ಇನ್ನೂ ಚೆನ್ನ.

ಮೂರನೆಯದು ಹಸಿ ಸೊಪ್ಪು. ಇದಕ್ಕೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಇದನ್ನು ಮೀರಿಸುವುದು ಇಲ್ಲ. ಮಳೆಗಾಲದ ಆರಂಭದಲ್ಲಿ ಬೇಲಿ ಸಾಲಿಗೆ ಗೂಟ ನೆಟ್ಟರೆ ಚಿಗುರುತ್ತದೆ. ಮುಂದಿನ ವರ್ಷದಿಂದ ಎರಡು ಮೂರು ಸಲ ಸವರಬಹುದು. ಎಲೆ ಮೃದು, ಸಾರಜನಕ ಜಾಸ್ತಿ, ಕೆಲವೇ ವಾರದಲ್ಲಿ ಕರಗುತ್ತದೆ. ಬೇಗ ಕರಗುವುದರಿಂದ ಹೊದಿಕೆಯಾಗಿ ಬಾಳಿಕೆ ಇಲ್ಲ, ಗೊಬ್ಬರವಾಗಿ ಬಂಗಾರ. ಕೆಳಗೆ ಗೊಬ್ಬರದ ಸೊಪ್ಪು, ಮೇಲೆ ಸಿಪ್ಪೆ ಅಥವಾ ದರಗು. ಮಲೆನಾಡಿನ ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ.

ಹೊದಿಕೆಗೂ ಒಂದು ಬೆಲೆ ತೆರಬೇಕು. ಬಸವನಹುಳು. ಜುಲೈನಲ್ಲಿ ದಪ್ಪ ಹೊದಿಕೆಯ ಕೆಳಗೆ ಅಡಗಿ ಕೂತು ರಾತ್ರಿ ಎದ್ದು ಎಳೆ ಅಗೆಯನ್ನೆಲ್ಲ, ಅಂದರೆ ಸಸಿಯನ್ನೆಲ್ಲ, ತಿಂದು ಹಾಕುತ್ತದೆ. ಅಗೆ ನೆಟ್ಟ ಹೊಸದರಲ್ಲಿ ಹೊದಿಕೆ ತೆಳ್ಳಗಿರಲಿ, ಬುಡದಿಂದ ಒಂದು ಗೇಣು ದೂರ ಇರಲಿ. ಗಿಡ ಗಟ್ಟಿಯಾದ ಮೇಲೆ ದಪ್ಪ ಮಾಡಿ. ಮನೆ ಗೋಡೆ, ಮರದ ಕಂಬದ ಹತ್ತಿರ ಹೊದಿಕೆ ಬೇಡ, ಒರಲೆ ಹತ್ತುತ್ತದೆ.

ಗೊಬ್ಬರ: ಯಾರಿಗೆ ಯಾವುದು

ಜೀವಾಮೃತದಿಂದಲೇ ಶುರು ಮಾಡೋಣ, ಜಾಸ್ತಿ ಚರ್ಚೆ ಆಗುವುದು ಅದರ ಬಗ್ಗೆಯೇ. ಶೂನ್ಯ ಬಂಡವಾಳ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರಿಂದ ಜನಪ್ರಿಯವಾದ ಅಳತೆಯನ್ನು ಮನೆ ಮಟ್ಟಕ್ಕೆ ಇಳಿಸಿದರೆ ಹೀಗೆ: 20 ಲೀಟರ್ ನೀರು, 1 ಕೆ.ಜಿ. ಸಗಣಿ, ಅರ್ಧದಿಂದ 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ರಾಸಾಯನಿಕ ಬೀಳದ ಮಣ್ಣು. ನೆರಳಲ್ಲಿ 48 ಗಂಟೆ ಇಟ್ಟು ದಿನಕ್ಕೆ ಎರಡು ಸಲ ತಿರುವಬೇಕು. ವಾರದೊಳಗೆ ಮುಗಿಸಬೇಕು.

ಇದರಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ಹೆಚ್ಚೇನೂ ಇಲ್ಲ. ಇರುವುದು ಜೀವಾಣು. ಅದು ಹೆಪ್ಪು ಇದ್ದ ಹಾಗೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಬಿಟ್ಟರೆ ಮೊಸರಾಗುತ್ತದಾ? ಮಣ್ಣಿನ ಮೇಲೆ ಎಲೆ, ಸೊಪ್ಪು, ಸಿಪ್ಪೆ ಇದ್ದರೆ ಜೀವಾಮೃತ ಕೆಲಸ ಮಾಡುತ್ತದೆ. ಬರಿ ಕೆಂಪು ಮಣ್ಣಿಗೆ ಎರೆದರೆ ಬೆಲ್ಲ ದಂಡ. ಜೂನ್‌ನಿಂದ ಆಗಸ್ಟ್‌ವರೆಗೆ ಎರೆಯುವುದೂ ದಂಡವೇ, ಸಂಜೆಯ ಮಳೆಗೆ ಹೋಗುತ್ತದೆ. ಸೆಪ್ಟೆಂಬರ್ ಕೊನೆಯಿಂದ ಶುರು ಮಾಡಿ. ಮನೆಯಲ್ಲಿ ಮಲೆನಾಡು ಗಿಡ್ಡವೋ ಯಾವುದೋ ಒಂದು ದನ ಇದ್ದರೆ ಮಾಡಿ. ದನ ಇಲ್ಲದೆ ಸಗಣಿ, ಗಂಜಲ ಕೊಂಡು ತಂದು ಮಾಡುವಷ್ಟು ದೊಡ್ಡ ಲಾಭ ಇದರಲ್ಲಿ ಇಲ್ಲ.

ಗೋಬರ್ ಗ್ಯಾಸ್ ಇರುವ ಮನೆಯವರಿಗೆ ನಾನು ಜೀವಾಮೃತ ಹೇಳುವುದೇ ಇಲ್ಲ. ಹೊರಗೆ ಬರುವ ಬಗ್ಗಡದಲ್ಲಿ ಸಾರಜನಕವೂ ಇದೆ, ಜೀವಾಣುವೂ ಇದೆ. ನೀರು ಬೆರೆಸಿ ಹೊದಿಕೆಯ ಮೇಲೆ ಎರೆದರೆ ಮುಗಿಯಿತು.

ಎರೆಗೊಬ್ಬರಕ್ಕೆ ಬರೋಣ. ಗುಣದಲ್ಲಿ ಇದನ್ನು ಮೀರಿಸುವುದು ಕಷ್ಟ. ಅಗೆ ಮಾಡಲು, ಕುಂಡಕ್ಕೆ, ಗ್ರೋ ಬ್ಯಾಗಿಗೆ ಹೇಳಿ ಮಾಡಿಸಿದ ಗೊಬ್ಬರ. ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. “ಹುಳ ತಂದು ತೋಟಕ್ಕೆ ಬಿಟ್ಟಿದ್ದೆ ಮಾರಾಯ್ರೇ, ಒಂದೂ ಕಾಣ್ತಿಲ್ಲ” ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಕಾಣುವುದೂ ಇಲ್ಲ. ಮಾರಾಟಕ್ಕೆ ಸಿಗುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜೀನಿಯೆ ಎರಡೂ ಹೊರದೇಶದ ಜಾತಿಗಳು, ಕೊಳೆಯುವ ಕಸದ ರಾಶಿಯಲ್ಲಿ ಬದುಕುವಂಥವು. ಬರಿ ಮಣ್ಣಲ್ಲಿ ಅವು ಉಳಿಯುವುದಿಲ್ಲ. ಮಣ್ಣನ್ನು ಆಳಕ್ಕೆ ಕೊರೆಯುವವು ನಮ್ಮದೇ ಊರಿನ ಹುಳಗಳು. ಅವನ್ನು ತರಬೇಕಾಗಿಲ್ಲ. ಹೊದಿಕೆ ಹಾಕಿ, ಅಗೆಯುವುದು ನಿಲ್ಲಿಸಿದರೆ ತಾವಾಗಿ ಬರುತ್ತವೆ.

ಎರೆತೊಟ್ಟಿಗೆ ಸೂರು ಬೇಕೇ ಬೇಕು. ಮಲೆನಾಡಿನ ಮಳೆಗೆ ತೊಟ್ಟಿ ತುಂಬಿ ಹುಳ ಸಾಯುತ್ತವೆ. ಸುತ್ತ ಸಣ್ಣ ನೀರಿನ ಕಾಲುವೆ ಇಲ್ಲದಿದ್ದರೆ ಇರುವೆ ಬರುತ್ತದೆ, ಮೇಲೆ ಜಾಲರಿ ಇಲ್ಲದಿದ್ದರೆ ಇಲಿ, ಹೆಗ್ಗಣ. ಉಪ್ಪು, ಎಣ್ಣೆ, ನಿಂಬೆ ಸಿಪ್ಪೆ ಹಾಕಬಾರದು. ದಿನಾ ನೋಡುವ ಒಬ್ಬರು ಮನೆಯಲ್ಲಿ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಅಷ್ಟು ಪುರುಸೊತ್ತು ಇಲ್ಲದವರಿಗೆ ಸಾದಾ ಕಾಂಪೋಸ್ಟ್. ಒಂದು ಪಾಲು ಹಸಿ ಕಸ, ಎರಡು ಮೂರು ಪಾಲು ಒಣ ಎಲೆ, ಮಧ್ಯೆ ಮಧ್ಯೆ ಹಿಡಿ ಸಗಣಿ ಅಥವಾ ಹಳೆ ಗೊಬ್ಬರ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ. ಏನೂ ಆಗದೆ ಸುಮ್ನೆ ಕೂತಿದ್ದರೆ ಹಸಿ ಕಡಿಮೆಯಾಗಿದೆ. ಬಯಲುಸೀಮೆಯಲ್ಲಿ ತೇವ ಉಳಿಯಲಿ ಅಂತ ಗುಂಡಿ ತೋಡುತ್ತಾರೆ. ಮಲೆನಾಡಿನಲ್ಲಿ ಗುಂಡಿ ಮಾಡಿದರೆ ಅದು ಜುಲೈಗೆ ಕೆರೆ. ಇಲ್ಲಿ ನೆಲದ ಮೇಲೆ ರಾಶಿ, ಅದರ ಮೇಲೆ ತಗಡೋ ಟಾರ್ಪಾಲೋ.

ಕೊಟ್ಟಿಗೆ ಗೊಬ್ಬರ ಇರುವವರು ಅದೃಷ್ಟವಂತರು, ಅವರಿಗೆ ಹೇಳುವುದು ಕಡಿಮೆ. ಚೆನ್ನಾಗಿ ಕಳಿತದ್ದನ್ನು ಮಾತ್ರ ಹಾಕಿ. ಹಸಿಯದ್ದು ಹಾಕಿದರೆ ಗೊಬ್ಬರದ ಹುಳು ಬೇರು ತಿನ್ನುತ್ತದೆ. ಪೇಟೆಯವರು ಕೊಂಡು ತರುವ ಕೊಟ್ಟಿಗೆ ಗೊಬ್ಬರದಲ್ಲಿ ಎಷ್ಟು ಸಗಣಿ, ಎಷ್ಟು ಮಣ್ಣು ಅನ್ನುವುದು ತಂದವರಿಗೇ ಗೊತ್ತು. ಒಂದು ಹಿಡಿ ಬಕೆಟ್ ನೀರಿಗೆ ಹಾಕಿ ಕದಡಿ. ಮರಳು, ಮಣ್ಣು ತಕ್ಷಣ ತಳಕ್ಕೆ ಇಳಿದರೆ ನಿಮಗೇ ತಿಳಿಯುತ್ತದೆ.

ಏರುಮಡಿಯೋ, ಸಮತಟ್ಟೋ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದು ಚರ್ಚೆಯ ವಿಷಯವೇ ಅಲ್ಲ. ಮಳೆಗಾಲಕ್ಕೆ ಏರುಮಡಿ, ಒಂದರಿಂದ ಒಂದೂವರೆ ಅಡಿ ಎತ್ತರ. ಅಗಲ ನಾಲ್ಕು ಅಡಿ ಮೀರಬಾರದು, ಎರಡೂ ಬದಿಯಿಂದ ಕೈ ಮಧ್ಯಕ್ಕೆ ಎಟುಕಬೇಕು. ಎಟುಕದಿದ್ದರೆ ಮಡಿ ಮೇಲೆ ಕಾಲಿಡುತ್ತೀರಿ, ಕಾಲಿಟ್ಟ ಕಡೆ ಮಣ್ಣು ಗಟ್ಟಿಯಾಗುತ್ತದೆ. ಇಳಿಜಾರಿಗೆ ಅಡ್ಡವಾಗಿ ಮಡಿ ಮಾಡಿ, ಕಾಲುವೆಗೆ ಸ್ವಲ್ಪವೇ ಓರೆ ಕೊಡಿ. ನೀರು ನಡೆದು ಹೋಗಬೇಕು, ಓಡಿ ಹೋಗಬಾರದು.

ಬದಿಗೆ ಅಡಿಕೆ ದಬ್ಬೆ ಸುಲಭ, ಆದರೆ ಕೆಲವು ವರ್ಷಕ್ಕೆ ಕೊಳೆಯುತ್ತದೆ. ಜಂಬಿಟ್ಟಿಗೆ ಕಲ್ಲು ಶಾಶ್ವತ, ಕೆಲಸ ಜಾಸ್ತಿ. ಮಡಿ ಬದಿಗೆ ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು) ನೆಟ್ಟರೆ ಬೇರು ಮಣ್ಣು ಹಿಡಿಯುತ್ತದೆ, ಕಷಾಯಕ್ಕೂ ಆಯಿತು.

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಮಾತೇ ಬೇರೆ. ಅಲ್ಲಿ ಒಂದೂವರೆ ಅಡಿ ಏರಿಸಿದ ಮಡಿ ಮಾರ್ಚ್‌ಗೆ ಒಣಗಿ ಬಿರಿಯುತ್ತದೆ, ನೀರು ಹೊತ್ತು ಸಾಕಾಗುತ್ತದೆ. ಅರ್ಧ ಅಡಿ ಸಾಕು. ಬೇಸಿಗೆ ತರಕಾರಿಗೆ ಸಮತಟ್ಟು ಪಾತಿಯೇ ವಾಸಿ.

ಅಗೆಯಬೇಕಾ ಬೇಡವಾ ಅಂತ ಕೇಳಿದರೆ, ಮೊದಲ ವರ್ಷ ಮಡಿ ಎತ್ತಲು ಅಗೆಯಲೇಬೇಕು, ನಮ್ಮ ಗಟ್ಟಿ ಮಣ್ಣಿಗೆ ಬೇರೆ ದಾರಿ ಇಲ್ಲ. ಆಮೇಲೆ ಬೇಡ. ಬೆಳೆ ಮುಗಿದ ಗಿಡವನ್ನು ಕಿತ್ತು ಹಾಕುವ ಬದಲು ಬುಡದಲ್ಲಿ ಕೊಯ್ದರೆ ಬೇರು ಅಲ್ಲೇ ಕೊಳೆತು ನೀರಿಗೆ, ಗಾಳಿಗೆ ದಾರಿಯಾಗುತ್ತದೆ. ಕಾಯಿಲೆ ಬಿದ್ದ ಗಿಡ ಮಾತ್ರ ಬೇರು ಸಮೇತ ತೆಗೆಯಿರಿ. ಖಾಲಿ ಮಡಿಗೆ ಅಲಸಂದೆಯೋ ಹುರುಳಿಯೋ ಚೆಲ್ಲಿ, ಹೂ ಬರುವ ಹೊತ್ತಿಗೆ ಸವರಿ ಅಲ್ಲೇ ಹಾಸಿ.

ಸುಣ್ಣ, ಬೂದಿ, ಸುಡುಮಣ್ಣು

ಹುಳಿ ಮಣ್ಣಿಗೆ ಸುಣ್ಣ ಬೇಕು ಅನ್ನುವುದು ನಿಜ. ಎಷ್ಟು ಅನ್ನುವುದು ಮಣ್ಣು ಪರೀಕ್ಷೆಗೆ ಬಿಟ್ಟ ವಿಷಯ. ಕೃಷಿ ಸುಣ್ಣ ಮತ್ತು ಡೋಲೊಮೈಟ್ ಎರಡರಲ್ಲಿ ಮಲೆನಾಡಿಗೆ ಡೋಲೊಮೈಟ್ ಒಂದು ತೂಕ ಮೇಲು, ಮೆಗ್ನೀಷಿಯಂ ಕೂಡ ಸಿಗುತ್ತದೆ. ಒಲೆ ಬೂದಿ ಮನೆಯಲ್ಲೇ ಸಿಗುವ ಸುಣ್ಣ, ಪೊಟ್ಯಾಷ್ ಬೇರೆ. ಆದರೆ ಬೇಗ ಕರಗುತ್ತದೆ, ಬೇಗ ತೊಳೆದು ಹೋಗುತ್ತದೆ. ಸ್ವಲ್ಪ ಸ್ವಲ್ಪ, ಪದೇ ಪದೇ ಹಾಕಬೇಕು. ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಹಸಿ ಸಗಣಿ, ಗಂಜಲದ ಜೊತೆ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರ ಬಿಡಿ.

ಸುಡುಮಣ್ಣಿನ ಬಗ್ಗೆ ಹಳಬರಿಗೆ ಬಹಳ ಪ್ರೀತಿ. ದರಗು, ಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಟ್ಟರೆ ಕಳೆ ಬೀಜ, ರೋಗಾಣು ಸಾಯುತ್ತವೆ, ಪೊಟ್ಯಾಷ್ ಬಿಡುಗಡೆಯಾಗುತ್ತದೆ. ಸೌತೆ, ಹೀರೆ, ಬದನೆ ಚೆನ್ನಾಗಿ ಏಳುತ್ತವೆ, ಸುಳ್ಳಲ್ಲ. ಆದರೆ ಅದರ ಜೊತೆ ಮಣ್ಣಿನ ಇಂಗಾಲವೂ ಸಾರಜನಕವೂ ಎರೆಹುಳವೂ ಸುಡುತ್ತವೆ. ಅಗೆ ಮಾಡುವ ಬುಟ್ಟಿಗೆ ಅಥವಾ ಬೀಜ ಹಾಕುವ ಕುಣಿಗೆ ಒಂದೊಂದು ಹಿಡಿ ಸರಿ. ಇಡೀ ಮಡಿಗೆ ವರ್ಷಾ ವರ್ಷಾ ಬೇಡ.

ಹುಳಿ ಮಣ್ಣಿನ ಜೊತೆ ಜಗಳ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ಅದನ್ನು ಸಹಿಸುವ ಬೆಳೆ ಹಾಕುವುದು. ಕೆಸು, ಮರಗೆಣಸು, ಅನಾನಸು ಇಂಥವು. ಕೋಸು, ಬೀಟ್‌ರೂಟ್, ಪಾಲಕ್ ಮಾತ್ರ ಸುಣ್ಣ ಕೇಳಿಯೇ ಕೇಳುತ್ತವೆ.

ಪೇಟೆ ಸೈಟಿನವರು ಇದನ್ನೆಲ್ಲ ಓದಿ ಬೂದಿ ಸುರಿಯಬೇಡಿ. ಮನೆ ಕಟ್ಟಿದಾಗ ಉಳಿದ ಸಿಮೆಂಟ್, ಗಾರೆ ಮಣ್ಣಿಗೆ ಸೇರಿದ್ದರೆ ಅಲ್ಲಿನ ಮಣ್ಣು ಆಗಲೇ ಕ್ಷಾರವಾಗಿರುತ್ತದೆ. ಅಲ್ಲಿಗೆ ಬೇಕಾದ್ದು ಎಲೆಗೊಬ್ಬರ. ಮಳೆಮರ, ಹೊಂಗೆ ಇರುವ ರಸ್ತೆಯಲ್ಲಿ ಬೆಳಗ್ಗೆ ಗುಡಿಸಿ ಬೆಂಕಿ ಇಡುವ ಮುಂಚೆ ಎರಡು ಚೀಲ ಕೇಳಿ ತನ್ನಿ. ಎರಡೂ ದ್ವಿದಳ ಜಾತಿಯ ಮರಗಳು, ಎಲೆಯಲ್ಲಿ ಸಾರಜನಕ ಚೆನ್ನಾಗಿರುತ್ತದೆ.

ಅಡಿಕೆ ತೋಟದ ಪಕ್ಕದ ಹಿತ್ತಲು

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಇರುತ್ತದೆ. ಮೈಲುತುತ್ತದಲ್ಲಿರುವುದು ತಾಮ್ರ. ಗೊನೆಯಿಂದ ತೊಟ್ಟಿಕ್ಕಿದ್ದು ನೆಲಕ್ಕೆ ಬರುತ್ತದೆ. ತಾಮ್ರ ಕರಗಿ ಮಾಯವಾಗುವ ವಸ್ತು ಅಲ್ಲ, ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಲ್ಲಿ ಕೂಡುತ್ತಾ ಹೋಗುತ್ತದೆ. ಜಾಸ್ತಿಯಾದರೆ ಎರೆಹುಳಕ್ಕೆ ವಿಷ, ಅದರಲ್ಲೂ ಹುಳಿ ಮಣ್ಣಿನಲ್ಲಿ.

ಅಂದ ಮಾತ್ರಕ್ಕೆ ಔಷಧಿ ಹೊಡೆಯಬೇಡಿ ಅಂತ ಅಲ್ಲ. ಫಸಲು ಉಳಿಯಬೇಕಲ್ಲ. ತರಕಾರಿ ಮಡಿಯನ್ನು ಅಡಿಕೆ ಸಾಲಿನ ಕೆಳಗೆ ಮಾಡಬೇಡಿ, ತೋಟದ ನೀರು ಇಳಿದು ಬರುವ ಕಡೆಯೂ ಬೇಡ. ಡ್ರಮ್ ತೊಳೆದ ನೀರು ಬಸಳೆ ಚಪ್ಪರದ ಬುಡಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ಔಷಧಿ ಹೊಡೆದ ತೋಟದ ಸಿಪ್ಪೆಯಲ್ಲೂ ಸ್ವಲ್ಪ ಉಳಿದಿರಬಹುದು. ಒಂದೇ ಮಡಿಗೆ ಪ್ರತಿ ವರ್ಷ ಬರಿ ಸಿಪ್ಪೆ ಹಾಕುವ ಬದಲು ಒಂದು ವರ್ಷ ಸಿಪ್ಪೆ, ಒಂದು ವರ್ಷ ದರಗು ಮಾಡಿ.

ಹಾಗಾದರೆ ಯಾವುದು?

ದನ ಇದೆ, ಹಿತ್ತಲು ದೊಡ್ಡದು, ಮಳೆ ಜಾಸ್ತಿ: ಏರುಮಡಿ, ಗೊಬ್ಬರದ ಸೊಪ್ಪು, ಮೇಲೆ ಸಿಪ್ಪೆ, ಮಳೆ ಬಿಟ್ಟ ಮೇಲೆ ಬಗ್ಗಡ ಅಥವಾ ಜೀವಾಮೃತ. ಎರೆತೊಟ್ಟಿ ಬೇಕಾಗಿಲ್ಲ. ದನ ಇಲ್ಲ, ಆದರೆ ಮರ ಇದೆ: ಅಂಗಳದ ಎಲೆ ಮತ್ತು ಸೂರಿನಡಿಯ ಕಾಂಪೋಸ್ಟ್, ಬೇಲಿಗೆ ಗೊಬ್ಬರದ ಗಿಡ. ಪೇಟೆ, ತಾರಸಿ, ಹತ್ತು ಹದಿನೈದು ಬ್ಯಾಗು: ಎರೆಗೊಬ್ಬರಕ್ಕೆ ದುಡ್ಡು ಖರ್ಚು ಮಾಡಿ, ಬ್ಯಾಗಿನ ಮೇಲೂ ಎರಡು ಇಂಚು ಎಲೆ ಹಾಸಿ. ವಯಸ್ಸಾದವರು ಇಬ್ಬರೇ ಇರುವ ಮನೆ: ಮಡಿ ಎರಡೇ ಸಾಕು. ಒಂದೆಲಗ, ಚಕ್ರಮುನಿ, ಬಸಳೆ, ಕೆಸು, ನುಗ್ಗೆ ಇಂಥ ವರ್ಷಗಟ್ಟಲೆ ನಿಲ್ಲುವವನ್ನು ಹಾಕಿ. ಅಗೆಯುವುದೂ ಇಲ್ಲ, ಪ್ರತಿ ಸಲ ಬಿತ್ತುವುದೂ ಇಲ್ಲ.

ಮಣ್ಣು ಪರೀಕ್ಷೆಗೆ ಬೇಸಿಗೆಯಲ್ಲೇ ಕೊಡಿ, ಮಳೆ ಶುರುವಾದ ಮೇಲೆ ಮಾದರಿ ಒಣಗುವುದಿಲ್ಲ. ಹಿತ್ತಲಿನ ಹತ್ತು ಕಡೆ ಮೇಲಿನ ಎಲೆ ಸರಿಸಿ, ಇಂಗ್ಲಿಷ್ ‘ವಿ’ ಆಕಾರಕ್ಕೆ 15 ಸೆಂ.ಮೀ. ಆಳ ತೋಡಿ, ಬದಿಯಿಂದ ಒಂದು ಪದರ ಕೆರೆದು ತೆಗೆಯಿರಿ. ಎಲ್ಲ ಬೆರೆಸಿ ಅರ್ಧ ಕೆ.ಜಿ. ಉಳಿಸಿ, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ. ಗೊಬ್ಬರದ ರಾಶಿ ಇದ್ದ ಜಾಗ, ಬೂದಿ ಚೆಲ್ಲಿದ ಜಾಗ ಬಿಡಿ. ಕೃಷಿ ಇಲಾಖೆಯಲ್ಲೋ ಶಿವಮೊಗ್ಗ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ರಸಸಾರದ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, ಪಿಎಚ್) ಜೊತೆ ಸಾವಯವ ಇಂಗಾಲವನ್ನೂ ನೋಡಿಕೊಡಿ ಅಂತ ಕೇಳಿ. ಅಡಿಕೆ ಪಕ್ಕದ ಹಿತ್ತಲಾದರೆ ತಾಮ್ರವನ್ನೂ ಸೇರಿಸಿ.